ಮಾರುತಿ ಸುಜುಕಿ ಆಲ್ಟೊ ಮಾದರಿ ವರ್ಷಗಳು

ಮಾರುತಿ ಸುಜುಕಿ ಆಲ್ಟೊ 2000ನೆಯ ಇಸವಿಯ ಸೆಪ್ಟೆಂಬರ್‌ನಲ್ಲಿ ಭಾರತದ ಮಾರುಕಟ್ಟೆಗೆ ಬಂದ, ಐದು ಬಾಗಿಲುಗಳ ಸಣ್ಣ ಪೆಟ್ರೋಲ್ ಕಾರು. ಮಾರುತಿ 800 ಕಾರಿನ ಸ್ಥಾನವನ್ನು ಕ್ರಮೇಣ ಆಕ್ರಮಿಸಿದ ಇದು ಹಲವು ವರ್ಷಗಳ ಕಾಲ ದೇಶದಲ್ಲಿ ಅತಿ ಹೆಚ್ಚು ಮಾರಾಟವಾಗುವ ಕಾರಾಗಿತ್ತು. ಆ ಕಾರಣದಿಂದ ಹಳೆಯ ಕಾರುಗಳ ಮಾರುಕಟ್ಟೆಯಲ್ಲಿಯೂ ಇದು ಹೇರಳವಾಗಿ ದೊರೆಯುತ್ತದೆ. ಆದರೆ ಆಲ್ಟೊ ಎಂಬ ಒಂದೇ ಹೆಸರಿನಡಿಯಲ್ಲಿ ಬೇರೆ ಬೇರೆ ದೇಹರಚನೆ, ಎಂಜಿನ್ ಮತ್ತು ಸುರಕ್ಷತಾ ಸಲಕರಣೆಗಳುಳ್ಳ ಕಾರುಗಳು ಮಾರಾಟವಾಗಿವೆ. ಹೊರನೋಟಕ್ಕೆ ಬಹುತೇಕ ಒಂದೇ ತೆರನಾಗಿರುವ ಎರಡು ಕಾರುಗಳಲ್ಲಿ ಒಂದಕ್ಕೆ ಏರ್‌ಬ್ಯಾಗ್ ಇದ್ದು ಇನ್ನೊಂದಕ್ಕೆ ಇಲ್ಲದಿರಬಹುದು. ಈ ವ್ಯತ್ಯಾಸವನ್ನು ನಿರ್ಧರಿಸುವುದು ಬಹುಮಟ್ಟಿಗೆ ಕಾರು ತಯಾರಾದ ವರ್ಷ. ಕೆಲವೊಮ್ಮೆ ತಯಾರಾದ ತಿಂಗಳು.

ಮಾದರಿ ವರ್ಷದ ಅರ್ಥ

ಅಮೆರಿಕದಲ್ಲಿ ಮಾದರಿ ವರ್ಷವನ್ನು ತಯಾರಕರೇ ಘೋಷಿಸುತ್ತಾರೆ. ಮುಂದಿನ ವರ್ಷದ ಮಾದರಿಯು ಹಿಂದಿನ ವರ್ಷದ ಶರತ್ಕಾಲದಲ್ಲಿಯೇ ಮಾರಾಟಕ್ಕೆ ಬರುವುದು ಅಲ್ಲಿನ ವಾಡಿಕೆ. ಭಾರತದಲ್ಲಿ ಈ ಪದ್ಧತಿಯಿಲ್ಲ. ಇಲ್ಲಿ ಮಾರಾಟಗಾರನು ‘2019ರ ಮಾಡೆಲ್’ ಎಂದಾಗ ಅದು ತಯಾರಾದ ವರ್ಷವೂ ಆಗಿರಬಹುದು, ನೋಂದಣಿಯಾದ ವರ್ಷವೂ ಆಗಿರಬಹುದು. ಡಿಸೆಂಬರ್‌ನಲ್ಲಿ ತಯಾರಾಗಿ ಫೆಬ್ರವರಿಯಲ್ಲಿ ನೋಂದಣಿಯಾದ ಕಾರನ್ನು ಮಾರುವವನು ಎರಡನೆಯದನ್ನೇ ಹೇಳುವುದು ಸಹಜ. ವರ್ಷಾಂತ್ಯದಲ್ಲಿ ಷೋರೂಮ್‌ಗಳು ಹೊಸ ಕಾರುಗಳಿಗೆ ರಿಯಾಯಿತಿ ನೀಡುವುದಕ್ಕೂ ಇದೇ ಕಾರಣ: ಜನವರಿ 1ರಂದು ಆ ಕಾರು, ಒಂದು ಕಿಲೋಮೀಟರ್ ಓಡದಿದ್ದರೂ, ಹಿಂದಿನ ವರ್ಷದ ಕಾರಾಗುತ್ತದೆ.

ನೋಂದಣಿ ಪ್ರಮಾಣಪತ್ರದಲ್ಲಿ ತಯಾರಿಕೆಯ ತಿಂಗಳು ಹಾಗೂ ವರ್ಷ ಒಂದು ಕಡೆ, ನೋಂದಣಿಯ ದಿನಾಂಕ ಇನ್ನೊಂದು ಕಡೆ ನಮೂದಾಗಿರುತ್ತವೆ. ನಂಬರ್ ಪ್ಲೇಟಿನಲ್ಲಿರುವ ಅಕ್ಷರಸರಣಿಯಿಂದ ತಯಾರಿಕೆಯ ವರ್ಷ ತಿಳಿಯುವುದಿಲ್ಲ. ಕಾರಿನ ದೇಹದ ಮೇಲೆ ಕೆತ್ತಿರುವ 17 ಅಕ್ಷರಗಳ ಚಾಸಿ ಸಂಖ್ಯೆಯೂ ಒಂದು ಸಾಕ್ಷ್ಯ. ಅದರಲ್ಲಿ ಸಾಮಾನ್ಯವಾಗಿ ಹತ್ತನೆಯ ಅಕ್ಷರ ವರ್ಷವನ್ನು ಸೂಚಿಸುತ್ತದೆ. 2018ಕ್ಕೆ ಜೆ, 2019ಕ್ಕೆ ಕೆ, 2020ಕ್ಕೆ ಎಲ್, 2021ಕ್ಕೆ ಎಂ, 2022ಕ್ಕೆ ಎನ್, 2023ಕ್ಕೆ ಪಿ ಬಳಕೆಯಲ್ಲಿವೆ. ಅಂಕಿಗಳೊಡನೆ ಗೊಂದಲವಾಗದಿರಲೆಂದು ಐ, ಓ ಮತ್ತು ಕ್ಯೂ ಅಕ್ಷರಗಳನ್ನು ಬಿಡಲಾಗಿದೆ. ಕಾರಿನ ಮೇಲಿನ ಸಂಖ್ಯೆಯು ಪ್ರಮಾಣಪತ್ರದ ಸಂಖ್ಯೆಗೆ ಹೊಂದದಿದ್ದರೆ ಉಳಿದ ಪರಿಶೀಲನೆಗಳಿಗೆ ಅರ್ಥವಿಲ್ಲ.

ಪೀಳಿಗೆಗಳು

ಮೊದಲ ಪೀಳಿಗೆಯ ಆಲ್ಟೊ 2000ದಿಂದ 2012ರವರೆಗೆ ಮಾರಾಟವಾಯಿತು. ಇದರ 796 ಸಿಸಿ ಸಾಮರ್ಥ್ಯದ, ಮೂರು ಸಿಲಿಂಡರ್‌ಗಳ ಎಂಜಿನ್ನೇ ಆಲ್ಟೊದ ಮುಖ್ಯ ಗುರುತು. ಈ ಅವಧಿಯ ಆರಂಭದ ಕಾರುಗಳು ಈಗಾಗಲೇ 15 ವರ್ಷಗಳ ನೋಂದಣಿ ಅವಧಿಯನ್ನು ದಾಟಿವೆ. ಆಗಸ್ಟ್ 2010ರಲ್ಲಿ 998 ಸಿಸಿ ಎಂಜಿನ್ನಿನ ಆಲ್ಟೊ ಕೆ10 ಬಂದಿತು.

2012ರ ಅಕ್ಟೋಬರ್‌ನಲ್ಲಿ ಹೊಸ ದೇಹರಚನೆಯ ಆಲ್ಟೊ 800 ಬಿಡುಗಡೆಯಾಯಿತು. 796 ಸಿಸಿ ಎಂಜಿನ್ ಮುಂದುವರಿಯಿತು. ಅದರ ಶಕ್ತಿ ಸುಮಾರು 48 ಅಶ್ವಶಕ್ತಿ. 2014ರ ನವೆಂಬರ್‌ನಲ್ಲಿ ಹೊಸ ಕೆ10 ಬಂದಾಗ ಕ್ಲಚ್ ಪೆಡಲ್ ಇಲ್ಲದ ಗೇರ್ ವ್ಯವಸ್ಥೆಯೂ ಆಯ್ಕೆಯಾಗಿ ದೊರೆಯಿತು. 2016ರ ಮೇ ತಿಂಗಳಲ್ಲಿ ಆಲ್ಟೊ 800ರ ಮುಖಭಾಗ ಬದಲಾಯಿತು. 2019ರ ಏಪ್ರಿಲ್‌ನಲ್ಲಿ ಭಾರತ್ ಸ್ಟೇಜ್ 6 ಮಾನದಂಡಕ್ಕೆ ಹೊಂದುವಂತೆ ಪರಿಷ್ಕರಿಸಿದ ಕಾರು ‘800’ ಎಂಬ ಅಂಕಿಯನ್ನು ಕೈಬಿಟ್ಟು ಕೇವಲ ಆಲ್ಟೊ ಎಂಬ ಹೆಸರಿನಲ್ಲಿ ಬಂದಿತು. ಹಳೆಯ ಕೆ10 ಈ ಮಾನದಂಡಕ್ಕೆ ಏರದೆ 2020ರಲ್ಲಿ ನಿಂತಿತು. 2022ರ ಆಗಸ್ಟ್‌ನಲ್ಲಿ ಕೆ10 ಸಂಪೂರ್ಣ ಹೊಸ ಕಾರಾಗಿ ಮರಳಿತು. ಇದರ 998 ಸಿಸಿ ಎಂಜಿನ್ ಸುಮಾರು 67 ಅಶ್ವಶಕ್ತಿ ನೀಡುತ್ತದೆ. 796 ಸಿಸಿ ಆಲ್ಟೊದ ತಯಾರಿಕೆ 2023ರ ಮಾರ್ಚ್ ಅಂತ್ಯಕ್ಕೆ ಮುಗಿಯಿತು.

ಎರಡು ಎಂಜಿನ್ನುಗಳ ನಡುವಿನ ಒಂದು ವ್ಯತ್ಯಾಸ ಹಳೆಯ ಕಾರು ಕೊಳ್ಳುವವರಿಗೆ ಮುಖ್ಯವಾದುದು. 796 ಸಿಸಿ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇದೆ. ನಿಗದಿತ ದೂರಕ್ಕೊಮ್ಮೆ ಅದನ್ನು ಬದಲಿಸಬೇಕು. ಕೆ10ರಲ್ಲಿ ಬೆಲ್ಟಿನ ಬದಲು ಚೈನ್ ಇದೆ. ಬೆಲ್ಟ್ ಬದಲಿಸಿದ ದಾಖಲೆಯಿಲ್ಲದ 796 ಸಿಸಿ ಕಾರಿಗೆ ಆ ವೆಚ್ಚವನ್ನು ಬೆಲೆಯಲ್ಲಿ ಕಳೆದೇ ಲೆಕ್ಕ ಹಾಕುವುದು ಯುಕ್ತ. ನಗರದೊಳಗೆ ಒಬ್ಬಿಬ್ಬರು ಓಡಾಡಲು ಚಿಕ್ಕ ಎಂಜಿನ್ ಸಾಕು. ನಾಲ್ವರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡು ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಹತ್ತುವವರಿಗೆ ಅದರ ಮಿತಿ ಬೇಗನೆ ತಿಳಿಯುತ್ತದೆ.

ಸುರಕ್ಷತೆ ಮತ್ತು ತಯಾರಿಕೆಯ ದಿನಾಂಕ

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆಯು ಗಂಟೆಗೆ 64 ಕಿ.ಮೀ. ವೇಗದ ಅಪಘಾತ ಪರೀಕ್ಷೆಯಲ್ಲಿ ಏರ್‌ಬ್ಯಾಗ್ ಇಲ್ಲದ ಆಲ್ಟೊ 800 ಕಾರಿಗೆ ವಯಸ್ಕರ ರಕ್ಷಣೆಯಲ್ಲಿ ಶೂನ್ಯ ತಾರೆ ನೀಡಿತು. ಅದೇ ಸುತ್ತಿನಲ್ಲಿ ಪರೀಕ್ಷೆಗೊಳಗಾದ ಉಳಿದ ನಾಲ್ಕು ಸಣ್ಣ ಕಾರುಗಳ ಏರ್‌ಬ್ಯಾಗ್‌ರಹಿತ ಆವೃತ್ತಿಗಳಿಗೂ ಶೂನ್ಯವೇ ದೊರೆತಿತ್ತು. ಆಲ್ಟೊ 800ರ ವಿಷಯದಲ್ಲಿ ದೇಹರಚನೆಯೇ ಕುಸಿದುದರಿಂದ ಏರ್‌ಬ್ಯಾಗ್ ಅಳವಡಿಸಿದರೂ ಗಂಭೀರ ಗಾಯದ ಅಪಾಯ ತಗ್ಗದು ಎಂಬುದು ಸಂಸ್ಥೆಯ ಅಭಿಪ್ರಾಯವಾಗಿತ್ತು. ಆದ್ದರಿಂದ 2012ರಿಂದ 2018ರವರೆಗಿನ ಆಲ್ಟೊ 800ನಲ್ಲಿ ‘(ಓ)’ ಎಂಬ ಗುರುತಿರುವ, ಚಾಲಕನ ಏರ್‌ಬ್ಯಾಗ್‌ ಉಳ್ಳ ಆವೃತ್ತಿಯನ್ನು ಹುಡುಕುವುದು ಒಳ್ಳೆಯದಾದರೂ ಅದರಿಂದ ಹೆಚ್ಚಿನ ನಿರೀಕ್ಷೆ ಸಲ್ಲದು.

ನಂತರದ ಬದಲಾವಣೆಗಳು ಸರ್ಕಾರದ ನಿಯಮಗಳಿಂದ ಬಂದವು. ಚಕ್ರಗಳು ಜಾಮ್ ಆಗದಂತೆ ತಡೆಯುವ ಎಬಿಎಸ್ ಬ್ರೇಕ್ ವ್ಯವಸ್ಥೆ 2019ರ ಏಪ್ರಿಲ್ 1ರಿಂದ ಎಲ್ಲ ಕಾರುಗಳಿಗೂ ಕಡ್ಡಾಯವಾಯಿತು. ಅದೇ ವರ್ಷದ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಮುಂದಿನ ಎರಡೂ ಆಸನಗಳ ಸೀಟ್‌ಬೆಲ್ಟ್ ಎಚ್ಚರಿಕೆ, ವೇಗದ ಎಚ್ಚರಿಕೆ ಮತ್ತು ಹಿಂಬದಿಯ ಪಾರ್ಕಿಂಗ್ ಸೆನ್ಸರ್‌ಗಳು ಕಡ್ಡಾಯವಾದವು. ಆಗಲೇ ಮಾರಾಟದಲ್ಲಿದ್ದ ಹಳೆಯ ಮಾದರಿಗಳೂ ಸರ್ಕಾರದ ಅಪಘಾತ ಪರೀಕ್ಷೆಯಲ್ಲಿ ಉತ್ತೀರ್ಣವಾಗಬೇಕೆಂಬ ನಿಯಮ 2019ರ ಅಕ್ಟೋಬರ್‌ನಿಂದ ಜಾರಿಗೆ ಬಂದಿತು. ಈ ಪರೀಕ್ಷೆಯ ವೇಗ ಗಂಟೆಗೆ 56 ಕಿ.ಮೀ. ಮುಂದಿನ ಸಹಪ್ರಯಾಣಿಕರ ಏರ್‌ಬ್ಯಾಗ್ ಇಂತಹ ಮಾದರಿಗಳಲ್ಲಿ 2021ರ ಅಂತ್ಯದಿಂದ ಕಡ್ಡಾಯವಾಯಿತು.

ಈ ಸುರಕ್ಷತಾ ನಿಯಮಗಳು ಅನ್ವಯಿಸುವುದು ತಯಾರಿಕೆಯ ದಿನಾಂಕಕ್ಕೆ. 2019ರ ಮಾರ್ಚ್‌ನಲ್ಲಿ ತಯಾರಾದ ಆಲ್ಟೊ 800 ಜೂನ್‌ನಲ್ಲಿ ನೋಂದಣಿಯಾಗಿದ್ದರೆ ಎಬಿಎಸ್ ಇಲ್ಲದಿದ್ದರೂ ಅದು ಕಾನೂನುಬದ್ಧವೇ. ಹೊಗೆಯ ಮಾನದಂಡದ ಲೆಕ್ಕ ಇದಕ್ಕೆ ವಿರುದ್ಧವಾಗಿತ್ತು. 2018ರ ಅಕ್ಟೋಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನಂತೆ ಭಾರತ್ ಸ್ಟೇಜ್ 4 ವಾಹನಗಳನ್ನು 2020ರ ಏಪ್ರಿಲ್ 1ರಿಂದ ಮಾರುವಂತೆಯೂ ನೋಂದಾಯಿಸುವಂತೆಯೂ ಇರಲಿಲ್ಲ. ಯಾವಾಗ ತಯಾರಾದರೂ ಅಷ್ಟೇ. ಹೀಗಾಗಿ 2019ರ ಒಂದೇ ವರ್ಷದಲ್ಲಿ ಎಬಿಎಸ್ ಮತ್ತು ಏರ್‌ಬ್ಯಾಗ್ ಎರಡೂ ಇಲ್ಲದ ಆಲ್ಟೊ 800 ಮತ್ತು ಅವೆರಡೂ ಇರುವ ಭಾರತ್ ಸ್ಟೇಜ್ 6ರ ಆಲ್ಟೊ ಎರಡೂ ಹುಟ್ಟಿವೆ. ಬೆಲೆಪಟ್ಟಿಗಳಲ್ಲಿ ಎರಡೂ ‘2019’ ಎಂದೇ ಕಾಣುತ್ತವೆ. ಜುಲೈ 2019ರ ನಂತರ ತಯಾರಾದ ಕಾರಿಗೆ ಸ್ವಲ್ಪ ಹೆಚ್ಚು ಹಣ ತೆರುವುದು ದುಬಾರಿಯಲ್ಲ. ಏರ್‌ಬ್ಯಾಗ್ ಅಥವಾ ಎಬಿಎಸ್ ಅನ್ನು ಆಮೇಲೆ ಗ್ಯಾರೇಜಿನಲ್ಲಿ ಜೋಡಿಸಿಕೊಳ್ಳುವುದು ವ್ಯವಹಾರದಲ್ಲಿ ಸಾಧ್ಯವಿಲ್ಲ.

ಹೊಸ ಕೆ10ರಲ್ಲಿ ಮುಂಬದಿಯ ಎರಡು ಏರ್‌ಬ್ಯಾಗ್‌ಗಳು ಆರಂಭದಿಂದಲೇ ಇದ್ದವು. ಆದರೂ 2023ರಲ್ಲಿ ಪ್ರಕಟವಾದ ಗ್ಲೋಬಲ್ ಎನ್‌ಕ್ಯಾಪ್ ಫಲಿತಾಂಶದಲ್ಲಿ ಅದಕ್ಕೆ ವಯಸ್ಕರ ರಕ್ಷಣೆಯಲ್ಲಿ ದೊರೆತುದು ಎರಡು ತಾರೆ. ಮಕ್ಕಳ ರಕ್ಷಣೆಯಲ್ಲಿ ಶೂನ್ಯ. 2025ರ ಮಾರ್ಚ್‌ನಿಂದ ಈ ಕಾರಿನ ಎಲ್ಲ ಆವೃತ್ತಿಗಳಿಗೂ ಆರು ಏರ್‌ಬ್ಯಾಗ್‌ಗಳನ್ನು ನೀಡಲಾಗುತ್ತಿದೆ. ಮಕ್ಕಳೊಡನೆ ನಿತ್ಯ ಪ್ರಯಾಣಿಸುವವರು ಗಮನಿಸಬೇಕಾದ ಗಡಿ ಇದು.

ಇಂಧನ

ಘೋಷಿತ ಇಂಧನಕ್ಷಮತೆ ಆಲ್ಟೊ 800ಕ್ಕೆ ಲೀಟರಿಗೆ 24.7 ಕಿ.ಮೀ. ಇದ್ದುದು ಭಾರತ್ ಸ್ಟೇಜ್ 6ರ ಆಲ್ಟೊದಲ್ಲಿ 22.05 ಕಿ.ಮೀ.ಗೆ ಇಳಿಯಿತು. ಈ ಒಂದು ಅಂಕಿಯನ್ನು ನೋಡಿ ಹಳೆಯದನ್ನೇ ಆರಿಸುವವರಿದ್ದಾರೆ. ತಿಂಗಳಿಗೆ 500 ಕಿ.ಮೀ. ಓಡಿಸುವವರಿಗೆ ಇದರಿಂದ ಉಳಿಯುವುದು ಸುಮಾರು ಎರಡೂವರೆ ಲೀಟರ್ ಪೆಟ್ರೋಲ್ ಮಾತ್ರ.

ಶೇಕಡ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್ ಈಗ ದೇಶದಲ್ಲಿ ವ್ಯಾಪಕವಾಗಿದೆ. ಎಥನಾಲ್‌ನ ಪ್ರತಿ ಲೀಟರಿನ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದರಷ್ಟು ಕಡಿಮೆ. ಈ ಮಿಶ್ರಣಕ್ಕೆ ಹೊಂದುವ ಬಿಡಿಭಾಗಗಳು ಹೊಸ ಕಾರುಗಳಲ್ಲಿ ಬಂದುದು 2023ರ ಏಪ್ರಿಲ್‌ನಿಂದ ಈಚೆಗೆ. 796 ಸಿಸಿ ಆಲ್ಟೊದ ತಯಾರಿಕೆ ಅಷ್ಟರಲ್ಲಿ ನಿಂತಿತ್ತು. ಹಳೆಯ ಕಾರುಗಳಲ್ಲಿ ಇಂಧನದ ರಬ್ಬರ್ ಕೊಳವೆಗಳನ್ನು ಆಗಾಗ್ಗೆ ಪರೀಕ್ಷಿಸುವುದು ಅಗತ್ಯ.

ನೋಂದಣಿ, ತೆರಿಗೆ ಮತ್ತು ಬೆಲೆ

ಖಾಸಗಿ ಕಾರಿನ ನೋಂದಣಿ 15 ವರ್ಷಗಳವರೆಗೆ ಊರ್ಜಿತವಾಗಿರುತ್ತದೆ. ಬಳಿಕ ತಪಾಸಣೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 2022ರ ಏಪ್ರಿಲ್‌ನಲ್ಲಿ ಕಾರಿನ ಈ ಶುಲ್ಕ 600 ರೂಪಾಯಿಯಿಂದ 5,000 ರೂಪಾಯಿಗೆ ಏರಿತು. 12–13 ವರ್ಷದ ಕಾರು ಕೊಳ್ಳುವವರು ಈ ವೆಚ್ಚವನ್ನು ಬೇಗನೆ ಎದುರಿಸಬೇಕಾಗುತ್ತದೆ.

ದೆಹಲಿ ಪ್ರದೇಶದಲ್ಲಿ 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ವಿಧಿಸಿದ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು. ಅದರ ಜಾರಿಯಲ್ಲಿ ಮುಂದೆ ಸಡಿಲಿಕೆಗಳಾಗಿವೆ. ವಯಸ್ಸಿನ ಈ ಅಂಜಿಕೆಯಿಂದ ಅಲ್ಲಿನ ಕಾರುಗಳು ಅಗ್ಗವಾಗಿ ಬೇರೆ ರಾಜ್ಯಗಳಿಗೆ ಹೋಗುತ್ತವೆ. ಅಂತಹ ಕಾರನ್ನು ಕರ್ನಾಟಕದಲ್ಲಿ 12 ತಿಂಗಳಿಗಿಂತ ಹೆಚ್ಚು ಕಾಲ ಇಟ್ಟುಕೊಳ್ಳುವವರು ಮೂಲ ಆರ್‌ಟಿಒದಿಂದ ನಿರಾಕ್ಷೇಪಣಾ ಪತ್ರ ತಂದು, ಇಲ್ಲಿನ ಜೀವಾವಧಿ ತೆರಿಗೆ ಕಟ್ಟಿ, ಮರುನೋಂದಣಿ ಮಾಡಿಸಬೇಕು. ಮರುನೋಂದಣಿಯಿಂದ ಕಾರಿನ ವಯಸ್ಸು ಹಿಂದಕ್ಕೆ ಹೋಗುವುದಿಲ್ಲ; 15 ವರ್ಷದ ಎಣಿಕೆ ಮೊದಲ ನೋಂದಣಿಯಿಂದಲೇ.

ವಿಮೆಯಲ್ಲಿ ಕಾರಿನ ಘೋಷಿತ ಮೌಲ್ಯವನ್ನು ಲೆಕ್ಕ ಹಾಕುವಾಗ ಒಂದು ವರ್ಷ ದಾಟಿದ ಕಾರಿಗೆ ಶೇಕಡ 20, ಎರಡು ವರ್ಷ ದಾಟಿದರೆ 30, ಮೂರಕ್ಕೆ 40, ನಾಲ್ಕಕ್ಕೆ 50ರಷ್ಟು ಸವಕಳಿ ಕಳೆಯಲಾಗುತ್ತದೆ. ಐದು ವರ್ಷದ ನಂತರ ಮೌಲ್ಯ ವಿಮಾ ಕಂಪನಿ ಮತ್ತು ಮಾಲೀಕರ ಒಪ್ಪಂದಕ್ಕೆ ಬಿಟ್ಟದ್ದು. ಮಾರುಕಟ್ಟೆಯ ಬೆಲೆ ಈ ಪಟ್ಟಿಯನ್ನೇ ಅನುಸರಿಸುವುದಿಲ್ಲ. ಬೇಡಿಕೆಯುಳ್ಳ ಆಲ್ಟೊ ಇದಕ್ಕಿಂತ ನಿಧಾನವಾಗಿ ಬೆಲೆ ಕಳೆದುಕೊಳ್ಳುವುದೂ ಉಂಟು.

2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇಕಡ 28ರಿಂದ 18ಕ್ಕೆ ಇಳಿದು, ಅದರ ಮೇಲಿದ್ದ ಶೇಕಡ 1ರ ಸೆಸ್ ರದ್ದಾಯಿತು. ಇದರಿಂದ ಹೊಸ ಕೆ10ರ ಬೆಲೆ ತಗ್ಗಿತು. ಎರಡು–ಮೂರು ವರ್ಷದ ಹಳೆಯ ಕೆ10ಕ್ಕೆ ಹಿಂದಿನ ಷೋರೂಮ್ ಬೆಲೆಯ ಆಧಾರದ ಮೇಲೆ ಹೇಳುವ ದರವನ್ನು, ಆರು ಏರ್‌ಬ್ಯಾಗ್‌ಗಳಿರುವ ಹೊಸ ಕಾರಿನ ಇಂದಿನ ಬೆಲೆಯೊಡನೆ ಇಟ್ಟು ನೋಡಬೇಕಾಗುತ್ತದೆ.