ಕಡಲೆಯ ಸಂಶೋಧನೆ ಓದಲು ಹಣ ಯಾರದು?

ಇಟಗಿ, ರೋಣ, ನರಗುಂದದ ಎರೆಹೊಲಗಳಲ್ಲಿ ಹಿಂಗಾರಿಗೆ ಬಿತ್ತುವ ಕಡಲೆಯ ಮೇಲೆ ನಡೆದ ಸಂಶೋಧನೆ ಮೊದಲು ದಾಖಲಾಗುವುದು ವಿಜ್ಞಾನ ಪತ್ರಿಕೆಗಳಲ್ಲಿ. ರೈತರು ಸಿಡಿ ಎನ್ನುವ ಸೊರಗು ರೋಗಕ್ಕೆ ಅಣ್ಣಿಗೇರಿ-1 ತಳಿ ತುತ್ತಾಗುತ್ತಿತ್ತು. ರಾಯಚೂರಿನ ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಇಕ್ರಿಸ್ಯಾಟ್ ಸೇರಿ ಆ ತಳಿಗೆ ರೋಗ ತಡೆಯುವ ಗುಣ ಕೂಡಿಸಿ ಸೂಪರ್ ಅಣ್ಣಿಗೇರಿ-1 ರೂಪಿಸಿದವು. ಅದರ ವಿವರವುಳ್ಳ ಪ್ರಬಂಧ 2019ರಲ್ಲಿ ಸ್ಪ್ರಿಂಗರ್ ಸಂಸ್ಥೆಯ ‘ಮಾಲಿಕ್ಯುಲರ್ ಬ್ರೀಡಿಂಗ್’ ಪತ್ರಿಕೆಯಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾಯಿತು. ತಳಿಯ ಹೆಸರಲ್ಲಿರುವ ಊರು ನಮ್ಮದು, ಪತ್ರಿಕೆ ಹೊರಗಿನದು. ಹೀಗೆ ಹೊರಗೆ ಅಚ್ಚಾದುದನ್ನು ಓದುಗರಿಗೆ ತರಿಸಿಕೊಡುವುದೂ ಅದರ ಬಿಲ್ಲಿಗೆ ಲೆಕ್ಕ ಹೇಳುವುದೂ ಗ್ರಂಥಪಾಲಕರ ಪಾಲಿನ ಕೆಲಸ.

ವಿಜ್ಞಾನ ಪತ್ರಿಕೆಯ ವ್ಯವಹಾರ ಬೇರೆ ಪತ್ರಿಕೆಗಳಂತಲ್ಲ. ಪ್ರಬಂಧ ಬರೆದವರಿಗೆ ಸಂಭಾವನೆಯಿಲ್ಲ. ಅದರಲ್ಲಿ ಹುರುಳಿದೆಯೇ ಎಂದು ಪರಿಶೀಲಿಸುವ ಸಹವಿಜ್ಞಾನಿಗಳಿಗೂ ಸಾಮಾನ್ಯವಾಗಿ ಕಾಸಿಲ್ಲ. ಇಬ್ಬರ ಸಂಬಳವೂ ಬಹುಪಾಲು ಸಾರ್ವಜನಿಕ ಹಣದಿಂದ ಬರುತ್ತದೆ. ಹೀಗೆ ಪುಕ್ಕಟೆಯಾಗಿ ಬಂದದ್ದನ್ನು ಪ್ರಕಾಶಕರು ಸಿದ್ಧಪಡಿಸಿ, ಅದೇ ವಿಶ್ವವಿದ್ಯಾಲಯಗಳ ಗ್ರಂಥಾಲಯಗಳಿಗೆ ಮಾರುತ್ತಾರೆ. ಬೇಕೆಂದು ಕೇಳುವವರು ಪ್ರಾಧ್ಯಾಪಕರು, ಹಣ ಕಟ್ಟುವುದು ಗ್ರಂಥಾಲಯ. ಆದ್ದರಿಂದ ಓದುವವರಿಗೆ ಬೆಲೆಯ ಬಿಸಿ ತಟ್ಟುವುದೇ ಇಲ್ಲ. ಜೊತೆಗೆ ಒಂದು ಪತ್ರಿಕೆ ತುಟ್ಟಿಯಾಯಿತೆಂದು ಅದರ ಬದಲು ಅಗ್ಗದ ಇನ್ನೊಂದನ್ನು ತರಿಸಲಾಗದು. ಬೇಕಾದ ಪ್ರಬಂಧ ಇರುವುದು ಅದೊಂದರಲ್ಲೇ. ಪ್ರಕಾಶಕರಿಗೆ ಇದಕ್ಕಿಂತ ಅನುಕೂಲದ ಮಾರುಕಟ್ಟೆ ಸಿಗುವುದು ಕಷ್ಟ.

ಬೆಲೆ ಏರುತ್ತ ಹೋದಂತೆ ಗ್ರಂಥಾಲಯಗಳು ಮೊದಲು ಪುಸ್ತಕ ಕೊಳ್ಳುವುದನ್ನು ಕಡಿಮೆ ಮಾಡಿದವು, ಆಮೇಲೆ ಪತ್ರಿಕೆಗಳನ್ನೇ ಒಂದೊಂದಾಗಿ ಕೈಬಿಟ್ಟವು. ಅಂತರಜಾಲ ಬಂದ ಮೇಲೆ ನೂರಾರು ಪತ್ರಿಕೆಗಳನ್ನು ಒಂದೇ ಕಟ್ಟಾಗಿ ಮಾರುವ ಪದ್ಧತಿ ಬೆಳೆಯಿತು. ಮುದ್ರಿತ ಸಂಚಿಕೆಯ ಚಂದಾ ನಿಲ್ಲಿಸಿದರೂ ಹಳೆಯ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ವಿದ್ಯುನ್ಮಾನ ಚಂದಾ ಹಾಗಲ್ಲ: ಒಪ್ಪಂದದಲ್ಲಿ ಮೊದಲೇ ಬರೆಸಿಕೊಳ್ಳದಿದ್ದರೆ, ಹಣ ಕೊಟ್ಟ ವರ್ಷಗಳ ಸಂಚಿಕೆಗಳೂ ಚಂದಾ ನಿಂತ ದಿನ ಕೈತಪ್ಪಬಹುದು.

ಬೇರೆ ದಾರಿಗಳಿದ್ದವು, ಅವು ಕರ್ನಾಟಕದಲ್ಲೇ ಇದ್ದವು. ‘ಕರೆಂಟ್ ಸೈನ್ಸ್’ 1932ರಲ್ಲಿ ಬೆಂಗಳೂರಿನಲ್ಲಿ ಆರಂಭವಾಯಿತು. ಸಿ.ವಿ. ರಾಮನ್ 1934ರಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ಅದೇ ವರ್ಷ ತನ್ನ ‘ಪ್ರೊಸೀಡಿಂಗ್ಸ್’ ಹೊರಡಿಸಿತು; 1973ರಲ್ಲಿ ಭೌತವಿಜ್ಞಾನಕ್ಕೆಂದು ‘ಪ್ರಮಾಣ’, 1996ರಲ್ಲಿ ವಿದ್ಯಾರ್ಥಿಗಳಿಗೆಂದು ‘ರೆಸೊನೆನ್ಸ್’ ಬಂದವು. ಮುದ್ರಿತ ಪ್ರತಿಗೆ ಚಂದಾ ಪಡೆದು, ಅದೇ ಲೇಖನಗಳನ್ನು ಅಕಾಡೆಮಿ ತನ್ನ ಜಾಲತಾಣದಲ್ಲಿ ಯಾರು ಬೇಕಾದರೂ ಓದಲು ಇಟ್ಟಿತು. ಆದರೆ ನೇಮಕ ಮತ್ತು ಬಡ್ತಿಯ ಸಮಿತಿಗಳು ಹೊರದೇಶದ ಪತ್ರಿಕೆಗಳ ಹೆಸರಿಗೇ ಹೆಚ್ಚು ಬೆಲೆ ಕಟ್ಟಿದ್ದರಿಂದ, ಒಳ್ಳೆಯ ಪ್ರಬಂಧಗಳು ಅತ್ತಲೇ ಹರಿದವು. ಈ ಬೆಲೆಕಟ್ಟುವಿಕೆಗೆ ಬಳಸುವ ಇಂಪ್ಯಾಕ್ಟ್ ಫ್ಯಾಕ್ಟರ್ ಪತ್ರಿಕೆಯ ಸರಾಸರಿ ಉಲ್ಲೇಖ ಎಷ್ಟೆಂದು ಹೇಳುವ ಸಂಖ್ಯೆ. ಅದರಿಂದ ಒಂದು ಪ್ರಬಂಧದ ಯೋಗ್ಯತೆ ಅಳೆಯುವುದು ತಪ್ಪೆಂದು ಗ್ರಂಥಾಲಯ ವಿಜ್ಞಾನ ಓದಿದವರೆಲ್ಲ ಬಲ್ಲರು. ಆಯ್ಕೆ ಸಮಿತಿಗಳಲ್ಲಿ ಅವರ ಮಾತು ನಡೆಯುವುದು ಅಪರೂಪ.

ಇನ್ನೊಂದು ದಾರಿ ಗ್ರಂಥಾಲಯದವರದೇ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿದ್ದ ರಾಷ್ಟ್ರೀಯ ವಿಜ್ಞಾನ ಮಾಹಿತಿ ಕೇಂದ್ರದಲ್ಲಿ ಟಿ.ಬಿ. ರಾಜಶೇಖರ್ ಮುಂದಾಳತ್ವದಲ್ಲಿ 2002ರಲ್ಲಿ ‘ಇಪ್ರಿಂಟ್ಸ್’ ಭಂಡಾರ ಆರಂಭವಾಯಿತು. ಪ್ರಬಂಧ ಎಲ್ಲೇ ಅಚ್ಚಾಗಲಿ, ಪ್ರಕಾಶಕರ ನಿಯಮ ಒಪ್ಪುವಷ್ಟರ ಮಟ್ಟಿಗೆ ಲೇಖಕರ ಪ್ರತಿಯೊಂದನ್ನು ಸಂಸ್ಥೆಯ ಭಂಡಾರದಲ್ಲಿಟ್ಟು ಎಲ್ಲರಿಗೂ ತೆರೆಯುವ ಏರ್ಪಾಟು ಇದು. ಭಾರತದಲ್ಲಿ ಸಂಸ್ಥೆಯೊಂದು ಇಂಥ ಭಂಡಾರ ಕಟ್ಟಿದ್ದು ಅದೇ ಮೊದಲು. ಖರ್ಚು ಕಡಿಮೆ, ಪ್ರಕಾಶಕರೊಡನೆ ಜಗಳವೂ ಇಲ್ಲ. ತೊಡಕು ಲೇಖಕರದು: ಪ್ರತಿ ಕೊಡಿ ಎಂದು ಗ್ರಂಥಪಾಲಕರು ಬೆನ್ನುಹತ್ತದಿದ್ದರೆ ಭಂಡಾರ ತುಂಬುವುದಿಲ್ಲ.

ಮುಕ್ತ ಪ್ರವೇಶವೆಂದರೆ ಈಗ ಬಹುಮಂದಿಗೆ ನೆನಪಾಗುವುದು ಮೂರನೆಯ ದಾರಿ. ಓದುವುದು ಉಚಿತ, ಪ್ರಕಟಣೆಯ ಶುಲ್ಕ ಲೇಖಕರ ಹೊಣೆ. ‘ನೇಚರ್’ ಪತ್ರಿಕೆ 2021ರಲ್ಲಿ ಇದಕ್ಕೆ ಗೊತ್ತುಮಾಡಿದ ದರ ಒಂದು ಪ್ರಬಂಧಕ್ಕೆ 9,500 ಯೂರೋ ಆಗಿತ್ತು. ಓದುವ ಬಾಗಿಲು ತೆರೆದು ಬರೆಯುವ ಬಾಗಿಲಿಗೆ ಸುಂಕದಕಟ್ಟೆ ಹಾಕಿದಂತಾಯಿತು. ಶುಲ್ಕವೇ ಆದಾಯವಾದಾಗ ಪರಿಶೀಲನೆಯಿಲ್ಲದೆ ಏನನ್ನಾದರೂ ಅಚ್ಚು ಹಾಕುವ ಪತ್ರಿಕೆಗಳೂ ಹುಟ್ಟಿಕೊಂಡವು. ಅವುಗಳ ಪಟ್ಟಿ ಮಾಡಿ ಜಗತ್ತಿನ ಗಮನ ಸೆಳೆದವರು ಅಮೆರಿಕದ ಡೆನ್ವರಿನ ಗ್ರಂಥಪಾಲಕ ಜೆಫ್ರಿ ಬೀಲ್; ಆ ಪಟ್ಟಿ 2017ರ ಜನವರಿಯಲ್ಲಿ ಮರೆಯಾಯಿತು. ಭಾರತದಲ್ಲಿ ಯುಜಿಸಿ ಮಾನ್ಯ ಪತ್ರಿಕೆಗಳಿಗೆಂದು ‘ಕೇರ್’ ಪಟ್ಟಿ ಹೊರಡಿಸಿ, 2025ರಲ್ಲಿ ಅದನ್ನು ಕೈಬಿಟ್ಟಿತು. ಪಿಎಚ್‌.ಡಿ. ಪ್ರಬಂಧ ಒಪ್ಪಿಸುವ ಮುನ್ನ ಪತ್ರಿಕೆಯಲ್ಲಿ ಲೇಖನ ಬಂದಿರಬೇಕೆಂಬ ಕಡ್ಡಾಯವನ್ನು 2022ರ ನಿಯಮಗಳು ತೆಗೆದುಹಾಕಿವೆ. ಕಳಪೆ ಪತ್ರಿಕೆಗಳಿಗೆ ಗಿರಾಕಿ ಒದಗಿಸುತ್ತಿದ್ದ ಕಾರಣಗಳಲ್ಲಿ ಅದೂ ಒಂದು.

ಚಂದಾದ ಹೊರೆಯನ್ನು ಗ್ರಂಥಾಲಯಗಳು ಒಕ್ಕೂಟ ಕಟ್ಟಿ ಹಂಚಿಕೊಂಡದ್ದೂ ಉಂಟು. ಕೃಷಿ ವಿಶ್ವವಿದ್ಯಾಲಯಗಳಿಗೆ ‘ಸೆರಾ’ ಎಂಬ ಒಕ್ಕೂಟವಿದೆ. ಇದರ ದೊಡ್ಡ ರೂಪ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ. ಕೇಂದ್ರ ಸಚಿವ ಸಂಪುಟ ಅದನ್ನು 2024ರ ನವೆಂಬರ್ 25ರಂದು ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು, 6,300ಕ್ಕೂ ಹೆಚ್ಚು ಸರ್ಕಾರಿ ಸಂಸ್ಥೆಗಳು. ಬೆಂಗಳೂರಿನ ದೊಡ್ಡ ಸಂಸ್ಥೆಗೆ ಸಿಗುವುದೇ ಜಿಲ್ಲೆಯ ಸರ್ಕಾರಿ ಕಾಲೇಜಿಗೂ ಸಿಗುವಂತಾದದ್ದು ದೊಡ್ಡ ಲಾಭ. ಆದರೆ ಖಾಸಗಿ ಕಾಲೇಜುಗಳು ಮೊದಲ ಹಂತದಲ್ಲಿ ಸೇರಿಲ್ಲ, ಅರಿವು ಕೇಂದ್ರಗಳೆಂದು ಹೆಸರಾದ ಪಂಚಾಯತಿ ಗ್ರಂಥಾಲಯಗಳು ಲೆಕ್ಕದಲ್ಲೇ ಇಲ್ಲ. ಬೆಲೆಯ ಮೂಲ ಲೆಕ್ಕಾಚಾರವೂ ಹಾಗೇ ಇದೆ. ಹಲವು ಗ್ರಂಥಾಲಯಗಳ ಬಿಲ್ಲು ಒಂದೇ ಮೇಜಿಗೆ ಬಂದಿದೆ, ಅಷ್ಟೆ.

ಇಟಗಿಯ ಕೃಷಿ ಪದವೀಧರರೊಬ್ಬರು ಕಡಲೆಯ ಸಿಡಿ ರೋಗದ ಬಗ್ಗೆ ಮೂಲವನ್ನೇ ಓದಬೇಕೆಂದರೆ ಚಂದಾ ಇಲ್ಲದೆ ಸಿಗುವ ಜಾಗಗಳು ಕೆಲವಿವೆ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ‘ಕರ್ನಾಟಕ ಜರ್ನಲ್ ಆಫ್ ಅಗ್ರಿಕಲ್ಚರಲ್ ಸೈನ್ಸಸ್’ ಜಾಲದಲ್ಲಿ ಲಭ್ಯ. ಕೃಷಿ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳು ‘ಕೃಷಿಕೋಶ’ದಲ್ಲಿಯೂ, ಇತರ ವಿಶ್ವವಿದ್ಯಾಲಯಗಳವು ‘ಶೋಧಗಂಗಾ’ದಲ್ಲಿಯೂ ಇವೆ. ಹೊರದೇಶದ ಪತ್ರಿಕೆಯ ಪ್ರಬಂಧ ಹಣದ ಗೋಡೆಯ ಹಿಂದಿದ್ದರೆ, ಅದರ ಮೊದಲ ಪುಟದಲ್ಲಿರುವ ಲೇಖಕರ ವಿಳಾಸಕ್ಕೆ ಬರೆದು ಒಂದು ಪ್ರತಿ ಕೇಳುವುದು ಹಳೆಯ ರೂಢಿ. ಸಾಮಾನ್ಯವಾಗಿ ಲೇಖಕರು ಸಂತೋಷದಿಂದಲೇ ಕಳಿಸುತ್ತಾರೆ.