ಬೇಸಿಗೆಯಲ್ಲಿ ಫ್ರಿಜ್ ತಂಪಾಗದಿದ್ದರೆ ಕಂಪ್ರೆಸರ್ ಕೆಟ್ಟಿದೆ ಎಂದೇ ಅರ್ಥವೇ?

ಕಂಪ್ರೆಸರ್ ಅನಿಲವನ್ನು ಹೀರಿ, ಒತ್ತಿ, ಕಂಡೆನ್ಸರ್ ಕೊಳವೆಗೆ ದೂಡುತ್ತದೆ. ಫ್ರಿಜ್ಜಿನ ಒಳಗಿನ ಶಾಖ ಅಲ್ಲಿಂದ ಹೊರಗಾಳಿಗೆ ಸೇರಬೇಕು. ಹೊಸಪೇಟೆ, ಕಂಪ್ಲಿಯ ಬೇಸಿಗೆಯಲ್ಲಿ ಆ ಗಾಳಿಯೇ 40 ಡಿಗ್ರಿ ಮುಟ್ಟುವುದುಂಟು. ಸಂಡೂರಿನ ಅದಿರು ಲಾರಿಗಳು ಓಡಾಡುವ ದಾರಿಯ ಮನೆಗಳಲ್ಲಿ ಹಿಂಬದಿಯ ಕೊಳವೆಗಳ ಮೇಲೆ ಕೆಂಧೂಳು ಕೂತರೆ ಶಾಖ ಹೊರಹೋಗದೆ ಕಂಪ್ರೆಸರ್ ಕಾದು ನಿಲ್ಲುತ್ತದೆ. ಆದ್ದರಿಂದ ಮೊದಲು ಪ್ಲಗ್ ಕಿತ್ತು ಧೂಳು ತೆಗೆಯಬೇಕು, ಫ್ರಿಜ್ಜನ್ನು ಗೋಡೆಯಿಂದ ತುಸು ಸರಿಸಬೇಕು.

ಕಂಪ್ರೆಸರ್ ಕೆಲ ಕ್ಷಣ ಗುಂಯ್‌ಗುಟ್ಟಿ, 'ಟಿಕ್' ಎಂದು ನಿಂತು, ಕೆಲವು ನಿಮಿಷಗಳ ಬಳಿಕ ಮತ್ತೆ ಹಾಗೆಯೇ ಮಾಡಿದರೆ ಓವರ್‌ಲೋಡ್ ಸ್ವಿಚ್ ಮೋಟರನ್ನು ಕಾಪಾಡುತ್ತಿದೆ. ಕಾರಣ ಕಡಿಮೆ ವೋಲ್ಟೇಜ್ ಇರಬಹುದು, ಕೆಟ್ಟ ಸ್ಟಾರ್ಟಿಂಗ್ ರಿಲೇ ಇರಬಹುದು. ಆ ರಿಲೇ ಪಿಟಿಸಿ ಬಗೆಯದಾದರೆ, ಕಳಚಿ ಅಲ್ಲಾಡಿಸಿದಾಗ ಒಳಗೆ ಚೂರುಗಳ ಸದ್ದು ಬಂದರೆ ಅದು ಒಡೆದಿದೆ. ಅಗ್ಗದ ಈ ಭಾಗವನ್ನು ನೋಡದೆ ಕಂಪ್ರೆಸರನ್ನೇ ಬದಲಿಸಿದರೆ ದುಡ್ಡು ದಂಡ.

ನಂತರ ಮಲ್ಟಿಮೀಟರ್. ಸಾಮಾನ್ಯ ಕಂಪ್ರೆಸರಿನಲ್ಲಿ ಸ್ಟಾರ್ಟ್ ಮತ್ತು ರನ್ ಪಿನ್‌ಗಳ ನಡುವಿನ ಓಮ್, ಕಾಮನ್ ಪಿನ್‌ನಿಂದ ಅವೆರಡಕ್ಕೂ ಬರುವ ಓಮ್‌ಗಳ ಮೊತ್ತಕ್ಕೆ ಸಮನಾಗಿರಬೇಕು. ಇನ್ವರ್ಟರ್ ಕಂಪ್ರೆಸರಿನಲ್ಲಿ ಮೂರೂ ಅಳತೆ ಹೆಚ್ಚುಕಡಿಮೆ ಒಂದೇ. ಯಾವುದಾದರೂ ಪಿನ್ನಿನಿಂದ ಹೊರಕವಚಕ್ಕೆ ಸಂಪರ್ಕ ತೋರಿದರೆ ವೈಂಡಿಂಗ್ ಕೆಟ್ಟಿದೆ, ಕಂಪ್ರೆಸರ್ ಬದಲಿಸಲೇಬೇಕು.

ಓಡುತ್ತಿದ್ದರೂ ತಂಪಿಲ್ಲವೆಂದರೆ ಅನಿಲ ಸೋರಿರಬಹುದು, ಒಳಗಿನ ವಾಲ್ವ್ ಸವೆದಿರಬಹುದು. ಲೇಬಲ್ಲಿನಲ್ಲಿ ಆರ್-600ಎ ಎಂದಿದ್ದರೆ ಅದು ಹೊತ್ತಿಕೊಳ್ಳುವ ಅನಿಲ. ಅಂಥ ಕೊಳವೆಯ ಬೆಸುಗೆ ಕೆಲಸವನ್ನು ತರಬೇತಾದ ಮೆಕ್ಯಾನಿಕ್ಕೇ ಮಾಡಬೇಕು.