ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಫೋನು

ಹೆಸರು ಮಾರಿದ ನಾಲ್ಕು ಕಾಸು ಕೈಗೆ ಬರುವ ಹೊತ್ತಿಗೆ ದಸರಾ, ದೀಪಾವಳಿ ಒಂದರ ಹಿಂದೊಂದು ಬರುತ್ತವೆ. ಲಕ್ಷ್ಮೇಶ್ವರ, ಗದಗ, ಹುಬ್ಬಳ್ಳಿಯ ಮೊಬೈಲ್ ಅಂಗಡಿಗಳ ಮುಂದೆ ಗದ್ದಲ ಹೆಚ್ಚುವುದೂ ಆಗಲೇ. ಯಳವತ್ತಿಯಂಥ ಊರುಗಳಲ್ಲಿ ಈ ದಿನಗಳಲ್ಲಿ ವೈದ್ಯರ ಬಳಿ ಬಂದವರು ಔಷಧಿ ಚೀಟಿ ಬರೆಸಿಕೊಂಡ ಮೇಲೆ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತಾರೆ: “ಸಾಹೇಬ್ರ, ಅವ್ವಗ ಒಂದು ಫೋನ್ ತೊಗೋಬೇಕಂತ ಮಾಡೀನ್ರಿ. ಯಾವುದು ಛಲೋ?”

ಅಂಗಡಿಯವರು ಆಗಲೇ ಅರ್ಧ ಉತ್ತರ ಹೇಳಿ ಕಳಿಸಿರುತ್ತಾರೆ. ಒಂದರ ಕ್ಯಾಮೆರಾ 50 ಮೆಗಾಪಿಕ್ಸೆಲ್, ಇನ್ನೊಂದರದು 108. ಒಂದರ ರ‍್ಯಾಮ್ 6 ಜಿಬಿ, ಇನ್ನೊಂದರದು 8. ಸ್ಯಾಮ್ಸಂಗ್, ರೆಡ್ಮಿ, ವಿವೊ, ಒಪ್ಪೊ, ರಿಯಲ್‌ಮಿ ಎಂದು ಹೆಸರುಗಳ ಸಾಲು ಬೇರೆ. ಈ ಅಂಕಿಗಳು ಸುಳ್ಳಲ್ಲ. ಆದರೆ ಮಕ್ಕಳೆಲ್ಲ ಬೆಂಗಳೂರು ಸೇರಿರುವಾಗ ಊರಿನಲ್ಲಿ ಒಬ್ಬರೇ ಇರುವ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವ ತಾಯಿಗೆ ಅವುಗಳಿಂದಾಗುವ ಉಪಯೋಗ ಅತ್ಯಲ್ಪ. ರಾತ್ರಿ ಎದೆ ಹಿಡಿದುಕೊಂಡರೆ ಫೋನು ಕತ್ತಲಲ್ಲಿ ಕೈಗೆ ಸಿಕ್ಕು, ಅಂಕಿ ಕಾಣಿಸಿ, ಕರೆ ಹೋಗಬೇಕು, ಅಷ್ಟೇ. (108 ಎಂಬ ಅಂಕಿ ಕ್ಯಾಮೆರಾಕ್ಕಿಂತ ಆಂಬ್ಯುಲೆನ್ಸಿಗೇ ಚೆನ್ನಾಗಿ ಒಪ್ಪುತ್ತದೆ.)

ಒಂದೇ ಬೆಲೆಯ ಎರಡು ಫೋನುಗಳಲ್ಲಿ ಯಾವುದು ಸರಿ ಎಂಬುದನ್ನು ಬಳಸುವವರ ಕಣ್ಣು, ಕಿವಿ, ಬೆರಳುಗಳೇ ಹೇಳಬೇಕು. ಆದ್ದರಿಂದ ಫೋನು ಯಾರಿಗೋ ಅವರನ್ನೇ ಅಂಗಡಿಗೆ ಕರೆದೊಯ್ಯಿರಿ. ಊರಿನಿಂದ ಕೊಂಡು ಕಳಿಸುವ ಮಕ್ಕಳು ಸಾಮಾನ್ಯವಾಗಿ ತಮಗೆ ಹಿಡಿಸಿದ್ದನ್ನು ಆರಿಸುತ್ತಾರೆ.

ಅಕ್ಷರ ಮತ್ತು ಬೆಳಕು

ನಲವತ್ತರ ಆಚೀಚೆ ಕಣ್ಣಿನ ಮಸೂರ ತನ್ನ ಮೆದುತನ ಕಳೆದುಕೊಳ್ಳತೊಡಗುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತದೆ. ಇದನ್ನೇ ನಾವು ಚಾಳೀಸು ಎನ್ನುವುದು. ಪರದೆ ದೊಡ್ಡದಿದ್ದ ಮಾತ್ರಕ್ಕೆ ಅಕ್ಷರ ದೊಡ್ಡದಾಗುವುದಿಲ್ಲ. ಅಂಗಡಿಯಲ್ಲೇ ಸೆಟ್ಟಿಂಗ್ಸಿಗೆ ಹೋಗಿ ಅಕ್ಷರದ ಗಾತ್ರವನ್ನು ಅತಿ ದೊಡ್ಡದಕ್ಕೆ ಇಡಿಸಿ, ಕನ್ನಡದ ಒಂದು ಸಂದೇಶವನ್ನು ತೆರೆಯಿಸಿ. ಕೆಲವು ಫೋನುಗಳಲ್ಲಿ ಆಗ ಸಾಲು ಅರ್ಧಕ್ಕೆ ಕತ್ತರಿಸಿ ಹೋಗುತ್ತದೆ, ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗುತ್ತವೆ, ಹೆಸರಿನ ಕೊನೆ ಕಾಣುವುದಿಲ್ಲ. ಕನ್ನಡಕ ಹಾಕಿಕೊಂಡು ಒಮ್ಮೆ, ಹಾಕದೆ ಒಮ್ಮೆ ಓದಿಸಿ ನೋಡಿ.

ಆಮೇಲೆ ಫೋನು ಹಿಡಿದು ಅಂಗಡಿಯ ಹೊರಗೆ ಬಿಸಿಲಿಗೆ ಬನ್ನಿ. ಒಳಗಿನ ದೀಪದಲ್ಲಿ ಎಲ್ಲ ಪರದೆಗಳೂ ಹೊಳೆಯುತ್ತವೆ. ಎರೆಹೊಲದ ಮಧ್ಯಾಹ್ನದ ಬಿಸಿಲಿನಲ್ಲಿ ಮಂದ ಬೆಳಕಿನ ಪರದೆ ಬರೀ ಕನ್ನಡಿಯಾಗುತ್ತದೆ. ಕಣ್ಣಿನಲ್ಲಿ ಪೊರೆ ಬಂದವರಿಗೆ ಇದಕ್ಕೆ ತಿರುಗುಮುರುಗಾದ ತೊಂದರೆಯಿದೆ. ಬಿಳಿ ಪರದೆ ಅವರ ಕಣ್ಣು ಕುಕ್ಕುತ್ತದೆ. ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಅಕ್ಷರ ಅವರಿಗೆ ಹೆಚ್ಚಾಗಿ ಹಿತವೆನಿಸುತ್ತದೆ. ಇನ್ನು ಕೆಲವರಿಗೆ ಅಮೋಲೆಡ್ ಬಗೆಯ ಪರದೆಯ ಬೆಳಕು ತಗ್ಗಿಸಿದಾಗ ತಲೆ ನೋಯುತ್ತದೆ. ಆ ಪರದೆ ಕಣ್ಣಿಗೆ ಗೊತ್ತಾಗದಷ್ಟು ವೇಗವಾಗಿ ಮಿನುಗುತ್ತಿರುವುದೇ ಕಾರಣವಿರಬಹುದು. ಅಂಥವರಿಗೆ ಎಲ್‌ಸಿಡಿ ಪರದೆ ಒಗ್ಗಿದರೆ ಅದನ್ನೇ ಕೊಳ್ಳಬಹುದು, ಬೆಲೆಯೂ ಕಡಿಮೆ. “ನೀಲಿ ಬೆಳಕು ತಡೆಯುವ” ಕನ್ನಡಕಗಳಿಗೆ ಬೇರೆ ಹಣ ಕೊಡಬೇಕಾಗಿಲ್ಲ. ಅವುಗಳಿಂದ ಕಣ್ಣಿನ ದಣಿವು ಕಡಿಮೆಯಾಗುವ ಸಂಭವ ಇಲ್ಲವೆಂದು 2023ರ ಕಾಕ್ರೇನ್ ಪರಾಮರ್ಶೆ ಹೇಳಿದೆ. ಕಣ್ಣು ಉರಿಯುವುದು ಮುಖ್ಯವಾಗಿ ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನೇ ಮರೆಯುವುದರಿಂದ.

ಕಿವಿ, ಬೆರಳು, ಹೆಬ್ಬೆರಳು

ವಯಸ್ಸಾದಂತೆ ಮೊದಲು ಹೋಗುವುದು ಕೀಚಲು ದನಿಯನ್ನು ಕೇಳುವ ಶಕ್ತಿ. ಹಕ್ಕಿಯ ಚಿಲಿಪಿಲಿಯಂಥ ರಿಂಗಣ ಪಕ್ಕದ ಮನೆಯವರಿಗೆ ಕೇಳಿಸಿದರೂ ಅಜ್ಜನಿಗೆ ಕೇಳಿಸುವುದಿಲ್ಲ. ತಮಟೆ, ಗಂಟೆಯಂಥ ದಪ್ಪ ದನಿಯನ್ನು ಇಡಿಸಿ, ಹತ್ತು ಹೆಜ್ಜೆ ದೂರ ನಿಲ್ಲಿಸಿ, ಕರೆ ಮಾಡಿ ನೋಡಿ. ಮಾತಿನ ದನಿಯನ್ನು ರಸ್ತೆಯ ಗದ್ದಲದಲ್ಲೇ ಪರೀಕ್ಷಿಸಬೇಕು. ಶ್ರವಣಯಂತ್ರ ಬಳಸುವವರು ಅದನ್ನು ಕಿವಿಯಲ್ಲಿಟ್ಟುಕೊಂಡೇ ಹೋಗಲಿ. ಕೆಲವು ಜೋಡಿಗಳಲ್ಲಿ ಗುಂಯ್ ಎಂಬ ಸದ್ದು ಬರುತ್ತದೆ.

ರೇಷನ್ ಅಂಗಡಿಯಲ್ಲಿ ಹೆಬ್ಬೆರಳು ಎಷ್ಟು ಒತ್ತಿದರೂ ಯಂತ್ರ ಒಪ್ಪದ ಹಿರಿಯರನ್ನು ನೀವು ನೋಡಿರುತ್ತೀರಿ. ಕುಡುಗೋಲು, ಸಲಿಕೆ ಹಿಡಿದ ಕೈಗಳ ಗೆರೆಗಳು ಸವೆದಿರುತ್ತವೆ. ಫೋನಿನ ಬೆರಳಚ್ಚಿನ ಬೀಗವೂ ಅವರಿಗೆ ಹಾಗೆಯೇ ಕೈಕೊಡುತ್ತದೆ. ನಾಲ್ಕಂಕಿಯ ಗುಪ್ತಸಂಖ್ಯೆ ಮೇಲು. ಒಣಗಿ ಬಿರಿತ ಬೆರಳನ್ನು ಕೆಲವು ಪರದೆಗಳು ಗುರುತಿಸುವುದೇ ಇಲ್ಲ. ಕೈ ನಡುಗುವವರಿಗಾಗಿ ಸ್ಪರ್ಶದ ಅವಧಿ ಹೆಚ್ಚಿಸುವ ಸೌಲಭ್ಯ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸಿನಲ್ಲಿರುತ್ತದೆ, ಹುಡುಕಿಸಿ.

ತೂಕವನ್ನೂ ಲೆಕ್ಕಿಸಬೇಕು. 200 ಗ್ರಾಂ ದಾಟಿದ ಫೋನನ್ನು ಒಂದೇ ಕೈಯಲ್ಲಿ ಹಿಡಿದು ಗಂಟೆಗಟ್ಟಲೆ ಹೆಬ್ಬೆರಳಿನಿಂದ ತಿಕ್ಕುವವರು ಮಣಿಕಟ್ಟಿನ ನೋವಿನೊಂದಿಗೆ ಬರುವುದು ಈಗ ಸಾಮಾನ್ಯವಾಗಿದೆ. ಇವೆಲ್ಲ ಪರೀಕ್ಷೆ ಮಾಡಿದ ಮೇಲೆಯೂ ತಾಯಿಗೆ ಪರದೆಯ ಫೋನು ಒಗ್ಗದಿದ್ದರೆ ಗುಂಡಿ ಒತ್ತುವ ಸಾದಾ ಫೋನು ಕೊಡಿಸುವುದರಲ್ಲಿ ಯಾವ ಅವಮಾನವೂ ಇಲ್ಲ.

“ಫೋನಿನ್ಯಾಗ ಬಿಪಿ ನೋಡಬಹುದಂತ, ಖರೇನ್ರಿ?”

ಈ ಪ್ರಶ್ನೆಗೆ ಸ್ಪಷ್ಟ ಉತ್ತರ: ಕ್ಯಾಮೆರಾದ ಮೇಲೆ ಬೆರಳಿಟ್ಟು ರಕ್ತದೊತ್ತಡ ತಿಳಿಯಲು ನಂಬಬೇಡಿ. ನಾಡಿ ಬಡಿತ ಎಣಿಸುವುದು ಬೇರೆ ಮಾತು. ಪ್ರತಿ ಬಡಿತಕ್ಕೂ ಬೆರಳಿನಲ್ಲಿ ರಕ್ತ ಹೆಚ್ಚುಕಡಿಮೆಯಾಗಿ ಬೆಳಕಿನ ಪ್ರಮಾಣ ಬದಲಾಗುತ್ತದೆ, ಅದನ್ನು ಕ್ಯಾಮೆರಾ ಎಣಿಸಬಲ್ಲದು. ಒತ್ತಡ ಎಷ್ಟೆಂಬುದು ಅದರಿಂದ ತಿಳಿಯುವುದಿಲ್ಲ.

ಅಮೆರಿಕದಲ್ಲಿ 2014–15ರಲ್ಲಿ “ಇನ್‌ಸ್ಟಂಟ್ ಬ್ಲಡ್ ಪ್ರೆಷರ್” ಎಂಬ ಆ್ಯಪ್ ಒಂದು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಫೋನನ್ನು ಎದೆಯ ಮೇಲಿಟ್ಟು ಕ್ಯಾಮೆರಾಕ್ಕೆ ಬೆರಳು ಹಚ್ಚಿದರೆ ಸಾಕು, ಬಿಪಿ ಬರುತ್ತದೆ ಎಂಬ ಪ್ರಚಾರ. ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ವೈದ್ಯರು ಅದನ್ನು ಪರೀಕ್ಷಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜವಾಗಿಯೂ ಒತ್ತಡ ಹೆಚ್ಚಿದ್ದ ಪ್ರತಿ ನಾಲ್ವರಲ್ಲಿ ಮೂವರಿಗಿಂತ ಹೆಚ್ಚು ಮಂದಿಗೆ ಆ ಆ್ಯಪ್ “ಏನೂ ತೊಂದರೆ ಇಲ್ಲ” ಎಂದು ತೋರಿಸಿತ್ತು. ನಮ್ಮಲ್ಲಿ 2021ರ ಕೋವಿಡ್ ಎರಡನೆಯ ಅಲೆಯಲ್ಲಿ ಆಕ್ಸಿಜನ್ ತೋರಿಸುವ ನಕಲಿ ಆ್ಯಪ್‌ಗಳು ಹರಿದಾಡಿದ್ದು ಹಲವರಿಗೆ ನೆನಪಿರಬಹುದು. ಸ್ಯಾಮ್ಸಂಗ್ ಕಂಪನಿ 2014ರ ಎಸ್5 ಫೋನಿನ ಬೆನ್ನಿಗೆ ನಾಡಿ ಅಳೆಯುವ ಸಂವೇದಕವನ್ನೇ ಕೂರಿಸಿತ್ತು. 2020ರ ಎಸ್20ರಲ್ಲಿ ತಾನೇ ಅದನ್ನು ಕೈಬಿಟ್ಟಿತು.

ಇದನ್ನು ಇಷ್ಟು ಬೆಳೆಸಿ ಬರೆಯಲು ಕಾರಣವಿದೆ. ಐವತ್ತೈದರ ಆಸುಪಾಸಿನ ರೈತರೊಬ್ಬರು ತಲೆಸುತ್ತು ಎಂದು ಬಂದರು. ತೋಳಿಗೆ ಪಟ್ಟಿ ಸುತ್ತಿ ನೋಡಿದರೆ 190/110. “ಫೋನಿನ್ಯಾಗ ದಿನಾ 120 ಬರ್ತೈತ್ರಿ, ಅದಕ್ಕ ಗುಳಿಗಿ ಬಿಟ್ಟೀನಿ” ಎಂದರು. ಗುಳಿಗೆ ಬಿಟ್ಟು ಎರಡು ತಿಂಗಳಾಗಿತ್ತು. ಪಾರ್ಶ್ವವಾಯು ಹೊಡೆಯುವುದು ಇಂಥ ಎರಡು ತಿಂಗಳಲ್ಲೇ. ಅವರ ಅದೃಷ್ಟ, ತಲೆಸುತ್ತಿಗೇ ಮುಗಿಯಿತು. “ಆರೋಗ್ಯ” ಸೌಲಭ್ಯ ಇದೆಯೆಂದು ಹೆಚ್ಚು ಬೆಲೆಯ ಫೋನು ಕೊಳ್ಳುವ ಬದಲು ಅಗ್ಗದ ಫೋನು ಕೊಂಡು, ಉಳಿದ ಹಣದಲ್ಲಿ ತೋಳಿಗೆ ಸುತ್ತುವ ಬಿಪಿ ಯಂತ್ರ ತನ್ನಿ.

ವಿಕಿರಣದ ಭಯ

ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನಿನ ವಿಕಿರಣವನ್ನು ದೇಹ ಹೀರುವ ಪ್ರಮಾಣ ಕಿಲೋಗ್ರಾಮಿಗೆ 1.6 ವ್ಯಾಟ್ ಮೀರಕೂಡದೆಂಬ ಮಿತಿ ಇದೆ. ಹೆಚ್ಚಿನ ಫೋನುಗಳಲ್ಲಿ *#07# ಒತ್ತಿದರೆ ಈ ಅಂಕಿ ಕಾಣುತ್ತದೆ. ಮಿತಿಯೊಳಗಿರುವ ಎರಡು ಫೋನುಗಳಲ್ಲಿ 0.7 ಇದ್ದದ್ದು ಒಳ್ಳೆಯದು, 1.1 ಇದ್ದದ್ದು ಕೆಟ್ಟದ್ದು ಎಂದು ತೂಗಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ, 2024ರಲ್ಲಿ ಪ್ರಕಟವಾದ ಪರಾಮರ್ಶೆಯಲ್ಲಿ ಮೊಬೈಲಿಗೂ ಮಿದುಳಿನ ಕ್ಯಾನ್ಸರಿಗೂ ನಂಟು ಕಂಡುಬಂದಿಲ್ಲ. ಸಿಗ್ನಲ್ ದುರ್ಬಲವಾದಲ್ಲಿ ಫೋನು ಹೆಚ್ಚು ಶಕ್ತಿ ಹೊಮ್ಮಿಸುತ್ತದೆ, ಬ್ಯಾಟರಿಯೂ ಬೇಗ ಇಳಿಯುತ್ತದೆ. ಹಾಗಾಗಿ ನಿಮ್ಮ ಓಣಿಯಲ್ಲಿ ಯಾವ ಸಿಮ್ ಚೆನ್ನಾಗಿ ಹಿಡಿಯುತ್ತದೆ ಎಂಬುದನ್ನು ವಿಚಾರಿಸಿ.

ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಒಂದು ಎಚ್ಚರ ವಹಿಸಬೇಕು. 2020ರ ಐಫೋನ್ 12ರಿಂದೀಚೆಗೆ ಕೆಲವು ಫೋನುಗಳ ಬೆನ್ನಿನಲ್ಲಿ ಆಯಸ್ಕಾಂತಗಳಿರುತ್ತವೆ. ಅವು ತೀರ ಹತ್ತಿರ ಬಂದರೆ ಪೇಸ್‌ಮೇಕರಿನ ಕೆಲಸದಲ್ಲಿ ವ್ಯತ್ಯಾಸವಾಗಬಹುದು. ಯಾವ ಫೋನೇ ಇರಲಿ, 15 ಸೆಂಟಿಮೀಟರ್ ದೂರವಿಡಿ. ಅಂಗಿಯ ಎದೆಕಿಸೆ ಅದರ ಜಾಗವಲ್ಲ.

ಕೊಂಡ ದಿನವೇ ಮಾಡಬೇಕಾದ ಕೆಲಸ

ಹಳೆಯ ಫೋನು ಕೊಳ್ಳುವುದಾದರೆ ಮೊದಲು *#06# ಒತ್ತಿ 15 ಅಂಕಿಯ ಐಎಂಇಐ ಸಂಖ್ಯೆ ಪಡೆಯಿರಿ. ಕೇಂದ್ರ ಸರಕಾರ 2023ರ ಮೇ ತಿಂಗಳಲ್ಲಿ ಆರಂಭಿಸಿದ ಸಂಚಾರ್ ಸಾಥಿಯಲ್ಲಿ ಅದನ್ನು ಪರೀಕ್ಷಿಸಿದರೆ ಕಳವಿನ ಮಾಲೆಂದು ತಡೆಹಿಡಿದ ಫೋನು ಗೊತ್ತಾಗುತ್ತದೆ.

ಬೀಗ ತೆಗೆಯದೆಯೇ ಬೇರೆಯವರು ಓದಬಹುದಾದ ತುರ್ತು ಮಾಹಿತಿಯ ಪುಟ ಐಫೋನುಗಳಲ್ಲಿ 2014ರಿಂದ, ಆಂಡ್ರಾಯ್ಡಿನಲ್ಲಿ 2016ರಿಂದ ಇದೆ. ರಕ್ತದ ಗುಂಪು, ಸಕ್ಕರೆ ಕಾಯಿಲೆ, ನುಂಗುವ ಗುಳಿಗೆ, ಒಗ್ಗದ ಔಷಧಿ, ಮಗನ ಸಂಖ್ಯೆ ಇಷ್ಟನ್ನು ಅಲ್ಲಿ ತುಂಬಿಸಿ. ಪ್ರಜ್ಞೆ ತಪ್ಪಿ ಬಂದವರ ಕಿಸೆಯಲ್ಲಿ ದುಬಾರಿ ಫೋನು ಇರುತ್ತದೆ, ಈ ಪುಟ ಖಾಲಿ ಇರುತ್ತದೆ.

ಪವರ್ ಗುಂಡಿಯನ್ನು ಬೇಗಬೇಗ ಒತ್ತಿದರೆ ತುರ್ತು ಕರೆ ಹೋಗುವ ವ್ಯವಸ್ಥೆಯೂ ಇದೆ. ಕೆಲವದರಲ್ಲಿ ಮೂರು ಸಲ, ಕೆಲವದರಲ್ಲಿ ಐದು ಸಲ. ಗುಂಡಿ ಫೋನುಗಳಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯಬೇಕು. ನಿಮ್ಮ ಫೋನಿನಲ್ಲಿ ಎಷ್ಟು ಸಲ ಎಂಬುದನ್ನು ಅಂಗಡಿಯವರಿಂದ ಕೇಳಿ ತಿಳಿದು, ತಾಯಿಗೆ ಬಾಯಿಪಾಠ ಮಾಡಿಸಿ. ಪರೀಕ್ಷೆಗೆಂದು ಅಲ್ಲೇ ಒತ್ತಿ ನೋಡಬೇಡಿ, ಕರೆ ನಿಜವಾಗಿಯೂ 112ಕ್ಕೇ ಹೋಗುತ್ತದೆ.